ಕಸದ ಬುಟ್ಟಿ ಎಲ್ಲಪ್ಪಾ?

ಜಪಾನ್ ಅಂದ್ರೆ ನನಗೆ ಪ್ರಾಣ. ಇದು ಮೂರನೇ ಸಲ ಬಂದಿರುವುದು. ಆದರೆ ಇವತ್ತು ಕ್ಯೋಟೋದಲ್ಲಿ ತಕೋಯಾಕಿ (ಆಕ್ಟೋಪಸ್ ತುಂಬಿದ ಬಿಸಿ ಉಂಡೆ) ಡಬ್ಬಿಯ ಸಾಸ್ ಬ್ಯಾಗಲ್ಲಿ ಸೋರಿ ಪಾಸ್‌ಪೋರ್ಟ್‌ಗೆ ಮೆತ್ತಿಕೊಂಡಿತು. ಸ್ವಾಮಿ, ರಸ್ತೆಗೊಂದು ಕಸದ ಬುಟ್ಟಿ ಇಡೋಕೆ ಏನು ಕಷ್ಟ?

ಬೆಳಿಗ್ಗೆ ತಿಂದ ಒನಿಗಿರಿ ಅನ್ನದುಂಡೆಯ ಕವರ್, ಮಾಚಾ (ಹಸಿರು ಚಹಾ ಪುಡಿ) ಐಸ್‌ಕ್ರೀಮ್ ಕಪ್, ದಾಂಗೋ ಅನ್ನೋ ಅಕ್ಕಿಹಿಟ್ಟಿನ ಉಂಡೆಯ ಕಡ್ಡಿ, ಎಲ್ಲ ನನ್ನ ಬ್ಯಾಗಲ್ಲೇ. ಫುಶಿಮಿ ಇನಾರಿ ದೇಗುಲದಲ್ಲಿ ಸಾವಿರಾರು ಕೆಂಪು ಕಮಾನು ಕಂಡವು, ಬುಟ್ಟಿ ಒಂದೂ ಕಾಣಲಿಲ್ಲ. ಹೆಜ್ಜೆಗೊಂದು ವೆಂಡಿಂಗ್ ಮಷೀನ್ ಇದೆ. ಪಕ್ಕದ ಡಬ್ಬಿಗೆ ಖಾಲಿ ಬಾಟಲಿ, ಕ್ಯಾನ್ ಮಾತ್ರ ಹಾಕಬೇಕಂತೆ. 1995ರಲ್ಲಿ ಟೋಕಿಯೋ ಮೆಟ್ರೋದಲ್ಲಿ ಸರಿನ್ ವಿಷಾನಿಲ ದಾಳಿ ಆದಮೇಲೆ ಬುಟ್ಟಿಗಳನ್ನು ತೆಗೆಸಿದರು, ಗೊತ್ತು. ಆದರೆ ಈ ಐಸ್‌ಕ್ರೀಮ್ ಕಪ್ ಯಾರಿಗೆ ಏನು ಮಾಡೀತು?

ಬೀದಿಯೇನೋ ಕನ್ನಡಿ ಹಾಗಿದೆ. ನನ್ನ ಬ್ಯಾಗ್ ತಿಪ್ಪೆ! ನಾನು ಕ್ಯೋಟೋ ನೋಡಲು ಬಂದೆನೋ, ಕಸಕ್ಕೆ ಕ್ಯೋಟೋ ತೋರಿಸಲು ಬಂದೆನೋ?