ಮೇಡಂಗೆ ಹೇಳಿಬಿಡಿ ಸರ್

ವಾಷಿಂಗ್ ಮಷೀನ್ ರಿಪೇರಿಯವನು ಈಗ ತಾನೇ ಹೋದ. ಪಾರ್ಟ್ ಬಂದ ಮೇಲೆ ಮತ್ತೆ ಬರುತ್ತಾನಂತೆ. ಅಷ್ಟರೊಳಗೆ ನನ್ನ ಸಿಟ್ಟು ಇಳಿದರೆ ಅವನ ಪುಣ್ಯ.

ಆ ಮಷೀನ್ ಕೊಂಡವಳು ನಾನು. ಕಂಪ್ಲೇಂಟ್ ಬುಕ್ ಮಾಡಿದವಳೂ ನಾನೇ. ಅದು ಯಾವಾಗ ಗುಡುಗುತ್ತದೆ, ಯಾವಾಗ ಕುಣಿಯುತ್ತದೆ, ಎಲ್ಲಾ ನನಗೆ ಗೊತ್ತು. ನಮ್ಮವರಿಗೆ ಗೊತ್ತಿರುವುದು ಅದು ಯಾವ ಮೂಲೆಯಲ್ಲಿದೆ ಅಂತ ಮಾತ್ರ.

"ಸ್ಪಿನ್‌ಗೆ ಬಂದಾಗ ಗಡಗಡ ಅನ್ನುತ್ತೆ" ಅಂದೆ. ಅವನು ಕತ್ತೆತ್ತಿ, ಸೋಫಾದಲ್ಲಿ ಮೊಬೈಲ್ ನೋಡುತ್ತಿದ್ದ ನಮ್ಮವರನ್ನು ಹುಡುಕಿ, "ಸರ್, ಬೇರಿಂಗ್ ಹೋಗಿದೆ" ಅಂದ.

"ಯಾವ ಬೇರಿಂಗ್?" ಕೇಳಿದ್ದು ನಾನು.

"ಡ್ರಮ್ ಬೇರಿಂಗ್ ಸರ್."

ನಮ್ಮವರು ಗಂಭೀರವಾಗಿ ತಲೆಯಾಡಿಸಿ, ನನ್ನ ಕಡೆ ತಿರುಗಿ, "ಡ್ರಮ್ ಬೇರಿಂಗ್ ಅಂತೆ" ಅಂದರು. ನಾನು ಅವನಿಂದ ಒಂದು ಮೊಳ ದೂರದಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ.

"ವಾರಂಟಿಯಲ್ಲಿ ಬರುತ್ತಾ?"

"ಮೋಟರ್‌ಗೆ ಮಾತ್ರ ಸರ್."

"ಮೋಟರ್‌ಗೆ ಮಾತ್ರ ಅಂತೆ."

ಎರಡು ದೇಶದ ಪ್ರಧಾನಿಗಳ ನಡುವೆ ದುಭಾಷಿ ಕೂರುತ್ತಾರಲ್ಲ, ಹಾಗೆ. ಆದರೆ ದುಭಾಷಿಗೆ ಎರಡು ಭಾಷೆಯಾದರೂ ಬರುತ್ತದೆ. ಇವರಿಗೆ ಬೇರಿಂಗ್ ಅಂದರೇನು ಅಂತಲೇ ಗೊತ್ತಿಲ್ಲ.

ನಡುವೆ ನಮ್ಮವರು ಬಾತ್‌ರೂಮಿಗೆ ಹೋದರು. ಸಿಕ್ಕಿದ ಅಂದುಕೊಂಡು, "ಪಾರ್ಟ್ ಬರೋಕೆ ಎಷ್ಟು ದಿನ?" ಅಂತ ಕೇಳಿದೆ. ಅವನು ಬಾತ್‌ರೂಮ್ ಬಾಗಿಲು ನೋಡಿದ. ಸ್ಕ್ರೂ ಡ್ರೈವರ್ ಒರೆಸಿದ. "ಸರ್ ಬರ್ಲಿ ಮೇಡಂ, ಹೇಳ್ತೀನಿ" ಅಂದ.

ಕೊನೆಗೆ ಒಟಿಪಿ. "ಸರ್, ಒಂದು ನಂಬರ್ ಬಂದಿರುತ್ತೆ." ನಮ್ಮವರು ತಮ್ಮ ಮೊಬೈಲನ್ನು ಮೇಲಿಂದ ಕೆಳಗೆ ಜಾಲಾಡಿದರು. ಬಂದದ್ದು ನನ್ನದಕ್ಕೆ. "ಏಳು, ಎರಡು, ಸೊನ್ನೆ, ಒಂಬತ್ತು" ಅಂತ ನಾನು ಗಟ್ಟಿಯಾಗಿಯೇ ಓದಿದೆ. ಅವನು ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ, "ಸರ್, ಏಳು ಎರಡು ಸೊನ್ನೆ ಒಂಬತ್ತಾ?" ಅಂದ. ಸರ್ ಹೌದು ಅಂದ ಮೇಲೇ ಒತ್ತಿದ್ದು.

ಹಾಗಂತ ನಮ್ಮವರ ಪಾಡೂ ಸುಖದ್ದಲ್ಲ. ಜ್ವರ ಬಂದ ಮಗುವನ್ನು ಅವರೇ ಎತ್ತಿಕೊಂಡು ಡಾಕ್ಟರ ಹತ್ತಿರ ಹೋಗಿದ್ದರು. ಡಾಕ್ಟರ್ ಚೀಟಿ ಬರೆದು, "ಮೇಡಂಗೆ ತೋರಿಸಿಬಿಡಿ ಸರ್, ಅವರಿಗೆ ಗೊತ್ತಾಗುತ್ತೆ" ಅಂದರಂತೆ. ಶಾಲೆಯ ಫಾರಂನಲ್ಲಿ ಮೊದಲ ನಂಬರ್ ಅವರದ್ದೇ. ಫೋನ್ ಬರುವುದು ಮಾತ್ರ ನನಗೆ. ಬೇರಿಂಗ್ ಅವರಿಗೆ, ಜ್ವರ ನನಗೆ ಅಂತ ಯಾರೋ ಮೊದಲೇ ಹಂಚಿಟ್ಟಿದ್ದಾರೆ.

ಅಮ್ಮನ ಕಾಲದಲ್ಲಿ ಸ್ವಂತ ನೋವೂ ಅವಳ ಪಾಲಿಗೆ ಬಂದಿರಲಿಲ್ಲ. ಡಾಕ್ಟರ ಮುಂದೆ ಕೂತರೆ "ಇವಳಿಗೆ ಬೆನ್ನು ನೋವು" ಅನ್ನುತ್ತಿದ್ದದ್ದು ಅಪ್ಪ. "ಬೆನ್ನಲ್ಲ, ಸೊಂಟ" ಅಂತ ಅಮ್ಮ ಮೆಲ್ಲಗೆ ಅಪ್ಪನಿಗೇ ಹೇಳುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ನಾನು ಕರೆದುಕೊಂಡು ಹೋದೆ. "ಹೇಳಿ ಅಮ್ಮ, ಏನಾಗ್ತಿದೆ?" ಅಂತ ಡಾಕ್ಟರ್ ಅವಳನ್ನೇ ಕೇಳಿದರು. ಅಮ್ಮ ಪಕ್ಕದ ಕುರ್ಚಿ ನೋಡಿದಳು. ಅಲ್ಲಿ ನನ್ನ ಬ್ಯಾಗ್ ಇತ್ತು.

ಇಷ್ಟೆಲ್ಲಾ ಆದ ಮೇಲೂ ಜಾಸ್ತಿ ಮಾತಾಡುವವರು ಅನ್ನುವ ಬಿರುದು ನಮಗೇ, ಅಲ್ವಾ? 2007ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 396 ವಿದ್ಯಾರ್ಥಿಗಳು ರೆಕಾರ್ಡರ್ ಹೊತ್ತು ಓಡಾಡಿದ್ದರು. ಲೆಕ್ಕ ಹಾಕಿದರೆ, ಹುಡುಗ ಹುಡುಗಿ ಇಬ್ಬರದ್ದೂ ದಿನಕ್ಕೆ ಸುಮಾರು 16,000 ಪದ. ಆದರೆ ಆಡಿದ ಮಾತು ಯಾರ ಕಿವಿಗೆ ಬಿತ್ತು ಅನ್ನುವುದನ್ನು ರೆಕಾರ್ಡರ್ ಹೇಳುವುದಿಲ್ಲ.

ಅಮೆರಿಕದ ಸುಪ್ರೀಂ ಕೋರ್ಟಿನ ವಿಚಾರಣೆಗಳನ್ನು ಜಾಲಾಡಿದ ಇಬ್ಬರು ಸಂಶೋಧಕರು ಅದನ್ನೂ ಸ್ವಲ್ಪ ಹೇಳಿದ್ದಾರೆ. 2017ರಲ್ಲಿ ಬಂದ ಅವರ ವರದಿಯ ಪ್ರಕಾರ, 2015ರಲ್ಲಿ ಅಲ್ಲಿ ಮಧ್ಯೆ ಬಾಯಿ ಹಾಕಿದ ಪ್ರಸಂಗಗಳಲ್ಲಿ ಸುಮಾರು ಮೂರನೇ ಎರಡು ಪಾಲಿನಲ್ಲಿ ಮಾತು ತುಂಡಾದದ್ದು ಮೂವರು ಮಹಿಳಾ ನ್ಯಾಯಮೂರ್ತಿಗಳದ್ದು. ಬಾಯಿ ಹಾಕಿದವರಲ್ಲಿ ವಕೀಲರೂ ಇದ್ದರು. ನ್ಯಾಯಮೂರ್ತಿ ಮಾತು ಶುರು ಮಾಡಿದ ಕೂಡಲೇ ವಕೀಲ ಸುಮ್ಮನಾಗಬೇಕು ಅಂತ ಅಲ್ಲಿಯ ಕಟ್ಟಳೆ. ಕಪ್ಪು ಗೌನ್ ತೊಟ್ಟು ಎತ್ತರದಲ್ಲಿ ಕೂತವರ ಗತಿಯೇ ಇದು. ಟಾರ್ಚ್ ಹಿಡಿದು ನಿಂತವಳದ್ದು ಕೇಳಬೇಕೇ?

ಒಬಾಮ ಕಾಲದ ಶ್ವೇತಭವನದ ಮಹಿಳಾ ಸಿಬ್ಬಂದಿ ಒಂದು ಉಪಾಯ ಹುಡುಕಿಕೊಂಡಿದ್ದರಂತೆ. ಮೀಟಿಂಗ್‌ನಲ್ಲಿ ಒಬ್ಬಳು ಒಳ್ಳೆ ಸಲಹೆ ಕೊಟ್ಟರೆ, ಇನ್ನೊಬ್ಬಳು ಅವಳ ಹೆಸರು ಹೇಳಿ ಅದನ್ನೇ ಮತ್ತೆ ಹೇಳುವುದು. ಆಮೇಲೆ ಬೇರೆ ಯಾರೂ ಅದನ್ನು ತಮ್ಮ ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ.

ನಮ್ಮ ಆಫೀಸಿನಲ್ಲೂ ಮಾಡಿ ನೋಡಿದೆವು. ನಾನು ಹೇಳಿದೆ. ಗೆಳತಿ ನನ್ನ ಹೆಸರು ಹಿಡಿದು ಅದನ್ನೇ ಹೇಳಿದಳು. ಮೂರನೆಯವಳು ನಮ್ಮಿಬ್ಬರ ಹೆಸರೂ ಹಿಡಿದು ಹೇಳಿದಳು. ಬಾಸ್ ವಾಚ್ ನೋಡಿಕೊಂಡು, "ಒಂದೇ ವಿಷಯ ಎಷ್ಟು ಸಲ ಮೇಡಂ?" ಅಂದರು. ಆಮೇಲೆ, ಆಗಷ್ಟೇ ಫೋನ್ ಮುಗಿಸಿ ಒಳಗೆ ಬಂದ ಸಹೋದ್ಯೋಗಿಯ ಕಡೆ ತಿರುಗಿ, "ಅದೇನು ಅಂತ ನೀವೊಂದು ಸಲ ಹೇಳಿಬಿಡಿ" ಅಂದರು.

ಅವರು ಕುರ್ಚಿ ಎಳೆದುಕೊಂಡು ಕೂತು, ನನ್ನ ಕಡೆ ಬಗ್ಗಿ ಏನು ವಿಷಯ ಅಂತ ಕೇಳಿಕೊಂಡು, ಹೇಳಿದರು. ಎಲ್ಲರಿಗೂ ಅರ್ಥವಾಯಿತು.