ಕರಡಿನಲ್ಲಿ ಹೆಸರು ಇರಲಿ, ಸಂಖ್ಯೆ ಆಮೇಲೆ

ಥೀಸಿಸ್ ಬರೆಯುವ ಪಿಜಿ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ: "ಸರ್, ರೆಫರೆನ್ಸ್ ವ್ಯಾಂಕೂವರ್‌ನಲ್ಲಿ ಹಾಕಲಾ, ಎಪಿಎನಲ್ಲಿ ಹಾಕಲಾ?" ವ್ಯಾಂಕೂವರ್ ಎಂದರೆ ವಾಕ್ಯದಲ್ಲಿ ಬರೀ ಸಂಖ್ಯೆ ಹಾಕಿ, ಲೇಖನದ ವಿವರ ಕೊನೆಯ ಪಟ್ಟಿಯಲ್ಲಿ ಕೊಡುವ ಪದ್ಧತಿ; ಎಪಿಎ ಎಂದರೆ ವಾಕ್ಯದಲ್ಲೇ ಲೇಖಕರ ಹೆಸರು, ವರ್ಷ ಬರೆಯುವ ಪದ್ಧತಿ. ಸಲ್ಲಿಸುವ ಪ್ರತಿಯ ಮಟ್ಟಿಗೆ ಉತ್ತರ ಸುಲಭ. ವಿಶ್ವವಿದ್ಯಾಲಯವೋ ಜರ್ನಲ್ಲೋ ಏನು ಕೇಳುತ್ತದೋ ಅದನ್ನೇ ಹಾಕಿ. ವೈದ್ಯಕೀಯದಲ್ಲಿ ಹೆಚ್ಚಿನ ಕಡೆ ಅದು ಸಂಖ್ಯೆಯ ಪದ್ಧತಿ. ಆದರೆ ಕರಡು ಬರೆಯುವಷ್ಟು ದಿನ ದಯವಿಟ್ಟು ಸಂಖ್ಯೆ ಬೇಡ. ಲೇಖಕರ ಹೆಸರು, ವರ್ಷ ಬರೆಯಿರಿ.

ನನ್ನ ಥೀಸಿಸ್ ಹಾವು ಕಡಿತದಿಂದ ಕಿಡ್ನಿಗಾಗುವ ತೊಂದರೆಯ ಮೇಲೆ. ಸಂಖ್ಯೆಗಳನ್ನೆಲ್ಲ ಕೈಯಾರೆ ಟೈಪ್ ಮಾಡಿದ್ದೆ. ಕೊನೇ ವಾರ ಪೀಠಿಕೆಗೆ ಒಂದು ಲೇಖನ ಸೇರಿಸಿದೆ. ಅಲ್ಲಿಂದಾಚೆ ಎಲ್ಲವೂ ಒಂದೊಂದು ಮುಂದಕ್ಕೆ ಹೋಯಿತು. ಕೆಲವನ್ನು ತಿದ್ದಿದೆ, ಕೆಲವು ಕಣ್ತಪ್ಪಿದವು. ಬೈಂಡ್ ಆಗಿ ಬಂದ ಮೇಲೆ ನೋಡಿದರೆ, ಆಂಟಿವೆನಮ್ ಡೋಸ್ ಬಗ್ಗೆ ಬರೆದ ವಾಕ್ಯದ ಸಂಖ್ಯೆ ಡಯಾಲಿಸಿಸ್ ಲೇಖನವೊಂದನ್ನು ತೋರಿಸುತ್ತಿತ್ತು. ಯಾರ ಗಮನಕ್ಕೂ ಬಂದಿರಲಿಲ್ಲ. 23 ಅಂತ ಓದಿದರೆ ಯಾರಿಗೆ ಏನು ತಿಳಿಯಬೇಕು? ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ವ್ಯಾಂಕೂವರ್ ಪದ್ಧತಿಯ ಮೇಲೆ ನನಗೆ ದೂರಿಲ್ಲ. 1978ರಲ್ಲಿ ಕೆನಡಾದ ಆ ಊರಿನಲ್ಲಿ ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ಸೇರಿ ಹಸ್ತಪ್ರತಿಗೆ ಒಂದೇ ನಿಯಮ ಮಾಡಿಕೊಂಡರು. ಅಲ್ಲಿಯವರೆಗೆ ಜರ್ನಲ್ ಬದಲಾದಾಗಲೆಲ್ಲ ಲೇಖಕರು ಹೊಸದಾಗಿ ಟೈಪ್ ಮಾಡಬೇಕಿತ್ತು. ಜೊತೆಗೆ ಬರೀ ಸಂಖ್ಯೆ ಹಾಕುವುದರಿಂದ, ಒಂದು ವಾಕ್ಯಕ್ಕೆ ಹತ್ತು ಆಧಾರ ಇದ್ದರೂ ಓದು ಕಡಿಯದು. ಅದು ದೊಡ್ಡ ಅನುಕೂಲವೇ.

ಆದರೆ ಸಂಖ್ಯೆ ಆಧಾರದ ವಯಸ್ಸನ್ನು ಮರೆಮಾಡುತ್ತದೆ. 1980ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಐದೇ ವಾಕ್ಯದ ಪತ್ರವೊಂದು ಬಂತು. ಆಸ್ಪತ್ರೆಯಲ್ಲಿದ್ದಾಗ ನಾರ್ಕೋಟಿಕ್ (ಓಪಿಯಾಯ್ಡ್ ಬಗೆಯ ನೋವಿನ ಔಷಧ) ಪಡೆದ 11,882 ರೋಗಿಗಳಲ್ಲಿ ವ್ಯಸನ ಕಂಡದ್ದು ನಾಲ್ವರಲ್ಲಿ ಎಂದಷ್ಟೇ ಅದರ ಸಾರ. 2017ರಲ್ಲಿ ಅದೇ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಆ ಪತ್ರವನ್ನು 608 ಬಾರಿ ಉಲ್ಲೇಖಿಸಲಾಗಿತ್ತು. ಹಾಗೆ ಉಲ್ಲೇಖಿಸಿದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ, ಆ ರೋಗಿಗಳು ಆಸ್ಪತ್ರೆಯಲ್ಲಿ ದಾಖಲಾಗಿದ್ದವರು ಎಂಬುದನ್ನೇ ಹೇಳಿರಲಿಲ್ಲ. ಅಮೆರಿಕದಲ್ಲಿ ಓಪಿಯಾಯ್ಡ್ ವ್ಯಸನ ಎಷ್ಟು ಮನೆಗಳನ್ನು ಹಾಳುಮಾಡಿತು ಎಂಬುದು ಎಲ್ಲರಿಗೂ ಗೊತ್ತು. ಅದು ಬರೀ ಪತ್ರ ಎಂಬುದು ಹೆಸರು-ವರ್ಷ ಬರೆದರೂ ತಿಳಿಯುವುದಿಲ್ಲ, ನಿಜ. ಆದರೆ ಬರೆಯುವಾಗ 1980 ಅಂತ ಕಣ್ಣಿಗೆ ಬಿದ್ದರೆ, ತೆರೆದು ಓದೋಣ ಎಂಬ ಮನಸ್ಸಾದರೂ ಬಂದೀತು.

ರೆಫರೆನ್ಸ್‌ಗಳನ್ನು ಜೋಡಿಸಿಕೊಡುವ ಜೊಟೆರೊ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅದರ ಮೂಲಕವೇ ರೆಫರೆನ್ಸ್ ಸೇರಿಸುತ್ತಾ ಹೋಗಿ, ಎಪಿಎ ಆರಿಸಿಕೊಂಡು ಬರೆಯಿರಿ. ಸಲ್ಲಿಸುವ ದಿನ ಸ್ಟೈಲ್ ಬದಲಿಸಿದರೆ ಎಲ್ಲವೂ ಸಂಖ್ಯೆಯಾಗುತ್ತದೆ. ಆರು ಲೇಖಕರ ನಂತರ ಎಟ್ ಆಲ್ (ಮತ್ತಿತರರು) ಹಾಕುವುದೋ, ಮೂವರ ನಂತರವೋ ಎಂಬ ಚರ್ಚೆಗೆ ರಾತ್ರಿ ನಿದ್ದೆ ಕೆಡಬೇಡಿ. ಅದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ, ಒಮ್ಮೆ ಕಣ್ಣಾಡಿಸಿದರೆ ಸಾಕು.

ನನ್ನ ಹತ್ತಿರ ಕರಡು ತರುವವರು ಹೆಸರು-ವರ್ಷದಲ್ಲೇ ತನ್ನಿ. ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು, ಇವರು ಎಷ್ಟು ರೋಗಿಗಳನ್ನು ನೋಡಿದರು, ಎಲ್ಲಿ ನೋಡಿದರು ಅಂತ ಕೇಳುತ್ತೇನೆ.