ಕುಲುಕಾಟ ಬೇರೆ, ಓಲಾಟ ಬೇರೆ

ಲೂಯಿಸಿಯಾನದಲ್ಲಿ ಅಚಾಫಲಾಯ ಜೌಗಿನ ಮೇಲೆ ಐ-10 ಹೆದ್ದಾರಿಯ ಸೇತುವೆ ಸುಮಾರು 18 ಮೈಲಿ ಉದ್ದ. ಮೋಟರ್‌ಹೋಮ್, ಅಂದರೆ ಅಡುಗೆಮನೆ ಬಚ್ಚಲು ಸಮೇತ ಓಡುವ ಮನೆ-ಗಾಡಿ, ಅದನ್ನು ಏರಿತೆಂದರೆ ಕಾಂಕ್ರೀಟಿನ ಪ್ರತಿ ಸಂದಿಗೂ ಒಂದು ಧಡ್. ಮೊದಲ ಧಡ್ಡಿಗೆ ಡ್ರಾಯರಿನಲ್ಲಿ ಕುಕ್ಕರಿನ ವೆಯ್ಟು ಉರುಳುತ್ತದೆ, ಎರಡನೆಯದಕ್ಕೆ ಇಡ್ಲಿ ಸ್ಟ್ಯಾಂಡು ತಾಳ ಹಾಕುತ್ತದೆ, ಮೂರನೆಯದಕ್ಕೆ ಹಿಂದಿನಿಂದ "ರೀ, ಹಪ್ಪಳ ಹೋಯ್ತು" ಅಂತ ವರದಿ ಬರುತ್ತದೆ. ಸೇತುವೆ ಇಳಿಯುವಷ್ಟರಲ್ಲಿ ಯಜಮಾನರು ಮನಸ್ಸಿನಲ್ಲೇ ಎರಡು ಸಾವಿರ ಡಾಲರಿನ ಸಸ್ಪೆನ್ಷನ್ ಸಾಮಾನು ಆರ್ಡರ್ ಮಾಡಿಯಾಗಿರುತ್ತದೆ.

ಅಮೆರಿಕದಲ್ಲಿ ಬಸ್ಸಿನಂತೆ ಚಪ್ಪಟೆ ಮೂತಿಯ ಪೆಟ್ರೋಲ್ ಮೋಟರ್‌ಹೋಮ್‌ಗಳ ಅಡಿಯಲ್ಲಿ ಸಾಮಾನ್ಯವಾಗಿ ಇರುವುದು ಫೋರ್ಡ್ ಎಫ್-53 ಚಾಸಿ, ಗಾಡಿಯ ಅಡಿಗಟ್ಟು. ಮುಂದೆಯೂ ಹಿಂದೆಯೂ ಲೀಫ್ ಸ್ಪ್ರಿಂಗು, ಅಂದರೆ ನಮ್ಮೂರ ಲಾರಿಯ ಅಡಿ ಬಗ್ಗಿ ನೋಡಿದರೆ ಕಾಣುವ ಅದೇ ಉಕ್ಕಿನ ಪಟ್ಟಿಗಳ ಕಟ್ಟು. ಅದರ ಮೇಲೆ ಸೋಫಾ, ಫ್ರಿಜ್ಜು, ಬಚ್ಚಲು ಹೇರಿ, 75 ಗ್ಯಾಲನ್ ನೀರು ತುಂಬಿ (ಅದೊಂದೇ 280 ಕಿಲೋ ದಾಟುತ್ತದೆ), "ಯಾಕೋ ಲಾರಿ ಥರ ಕುಲುಕುತ್ತದೆ" ಎಂದು ದೂರುವುದು. ಲಾರಿಯೇ ಸ್ವಾಮೀ ಅದು, ಪರದೆ ಕಟ್ಟಿಕೊಂಡಿದೆ ಅಷ್ಟೆ.

ಸಾಮಾನು ಕೊಳ್ಳುವ ಮೊದಲು ಕಾಯಿಲೆ ಯಾವುದು ಅಂತ ನೋಡಬೇಕು. ಗುಂಡಿಗೆ ಬಿದ್ದಾಗ ಬೆನ್ನುಮೂಳೆಗೆ ತಟ್ಟುವುದು ಕುಲುಕಾಟ. ಪಕ್ಕದಲ್ಲಿ ದೊಡ್ಡ ಟ್ರಕ್ಕು ಹಾದಾಗ ಗಾಡಿ ಹಬ್ಬದ ತೇರಿನಂತೆ ತೂಗುವುದು ಓಲಾಟ. ಒಂದರ ಮದ್ದು ಇನ್ನೊಂದಕ್ಕೆ ಪಥ್ಯವಲ್ಲ, ಕೆಲವೊಮ್ಮೆ ವಿಷ. ಓಲಾಟಕ್ಕೆಂದು ದಪ್ಪನೆಯ ಆ್ಯಂಟಿ-ರೋಲ್ ಬಾರ್ ಹಾಕಿಸಿ, ಗುಂಡಿ ಇನ್ನೂ ಜೋರಾಗಿ ತಟ್ಟಲು ಶುರುವಾದ ಮೇಲೆ ಅಂಗಡಿಯವನ ಮೇಲೆ ಮುನಿಸಿಕೊಂಡರೆ ಅವನೇನು ಮಾಡಿಯಾನು? ಆ ಬಾರ್ ಎಡ ಬಲ ಚಕ್ರಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಎಡಚಕ್ರಕ್ಕೆ ಬಿದ್ದ ಏಟಿನಲ್ಲಿ ಬಲಚಕ್ರಕ್ಕೂ ಪಾಲು.

ಕುಲುಕಾಟದ ಮೊದಲ ಆರೋಪಿ ಗಾಳಿ. ಟೈರಿನ ಪಕ್ಕೆಯಲ್ಲಿ 110 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದು ಬರೆದಿದ್ದರೆ ಜನ ಅದನ್ನು ವೇದವಾಕ್ಯ ಎಂದು ಅಷ್ಟೂ ಹೊಡೆಸುತ್ತಾರೆ. ಅದು ಟೈರು ಹೊರಬಲ್ಲ ಗರಿಷ್ಠ ಭಾರಕ್ಕೆ ಬೇಕಾದ ಒತ್ತಡ. ನಿಮ್ಮ ಗಾಡಿ ಅಷ್ಟು ತೂಗದಿದ್ದರೆ ಟೈರು ಕಲ್ಲಾಗುತ್ತದೆ, ಕಲ್ಲಿನ ಮೇಲೆ ಎಂಥ ಸ್ಪ್ರಿಂಗ್ ಕೂರಿಸಿದರೂ ದಂಡ. ನೀರು, ಪೆಟ್ರೋಲು, ಸಾಮಾನು, ಸಂಸಾರ ಎಲ್ಲ ತುಂಬಿಕೊಂಡು ಟ್ರಕ್ ಸ್ಟಾಪಿನಲ್ಲಿ ಗಾಡಿ ತೂಗುವ ಕ್ಯಾಟ್ ಸ್ಕೇಲಿಗೆ ಹತ್ತಿಸಿ. ಮುಂದಿನ ಆಕ್ಸಲ್ಲಿಗೆ (ಚಕ್ರಗಳ ಅಚ್ಚಿಗೆ) ಎಷ್ಟು, ಹಿಂದಿನದಕ್ಕೆ ಎಷ್ಟು ಎಂದು ಚೀಟಿ ಕೊಡುತ್ತಾರೆ. ಟೈರು ಕಂಪನಿಯ ಕೋಷ್ಟಕದಲ್ಲಿ ಆ ಭಾರದೆದುರು ಇರುವ ಅಂಕಿಗೆ ಐದು ಪಿಎಸ್‌ಐ ಸೇರಿಸಿ ನಿಲ್ಲಿಸಿ. ಕೋಷ್ಟಕಕ್ಕಿಂತ ಕೆಳಗೆ ಮಾತ್ರ ಇಳಿಯಬೇಡಿ, ಟೈರು ಕಾದು ಸಿಡಿಯುತ್ತದೆ. ಒಂದು ಆಕ್ಸಲ್ಲಿನ ಎಲ್ಲ ಟೈರಿಗೂ ಒಂದೇ ಒತ್ತಡ ಇರಲಿ.

ಅಳೆಯುವುದು ಬೆಳಿಗ್ಗೆ, ಗಾಡಿ ಹೊರಡುವ ಮೊದಲು. ಅರಿಜೋನದ ಮಧ್ಯಾಹ್ನ ಅಳೆದು, "ಅಯ್ಯೋ ಜಾಸ್ತಿ ಆಗಿದೆ" ಎಂದು ಗಾಳಿ ಬಿಟ್ಟವರಿಗೆ ಮರುದಿನ ಬೆಳಗಿನ ಚಳಿಯಲ್ಲಿ ಎಲ್ಲವೂ ಸಪ್ಪೆ. 10 ಡಿಗ್ರಿ ಫ್ಯಾರನ್‌ಹೀಟ್ ಏರಿಳಿತಕ್ಕೆ ಒತ್ತಡ ಸುಮಾರು ಶೇಕಡ 2ರಷ್ಟು ಬದಲಾಗುತ್ತದೆ. ಇನ್ನು ಹಿಂದಿನ ಜೋಡಿ ಟೈರುಗಳ ಒಳಗಿನದು! ಅದರ ವಾಲ್ವಿಗೆ ಕೈ ಹಾಕುವುದೆಂದರೆ ಹಸುವಿಗೆ ಕರು ಬಿಡಿಸುವ ಡಾಕ್ಟರ ಭಂಗಿ: ಕೆನ್ನೆ ಹೊರಗಿನ ಟೈರಿಗೆ ಒತ್ತಿಕೊಂಡು, ಮೊಣಕೈವರೆಗೆ ಕೈ ಒಳಗೆ, ಕಣ್ಣು ಆಕಾಶದ ಕಡೆ. ಈ ಕಷ್ಟಕ್ಕೇ ಒಳಗಿನದನ್ನು ಅಳೆಯದೆ ಬಿಟ್ಟರೆ ಅದು ಮೆತ್ತಗಾಗಿ, ಹೊರಗಿನದೊಂದೇ ಇಬ್ಬರ ಭಾರ ಹೊರುತ್ತದೆ. ಉದ್ದ ಕತ್ತಿನ, ಎರಡು ಮೂತಿಯ ಗೇಜ್ ತೆಗೆದುಕೊಳ್ಳಿ.

ಗಾಳಿ ಸರಿಮಾಡಿದರೂ ತಟ್ಟುತ್ತಿದ್ದರೆ ಆಗ ಶಾಕ್ ಅಬ್ಸಾರ್ಬರ್. ಕೋನಿ ಕಂಪನಿಯ ಎಫ್‌ಎಸ್‌ಡಿ ಮಾದರಿಯಲ್ಲಿ ಚಿಕ್ಕ ಚುರುಕು ಏಟುಗಳಿಗೆ ಎಣ್ಣೆ ಇನ್ನೊಂದು ದಾರಿಯಲ್ಲಿ ಹರಿದು ಮೆತ್ತಗಾಗುತ್ತದೆ, ನಿಧಾನದ ತೂಗಾಟಕ್ಕೆ ಬಿಗಿಯಾಗುತ್ತದೆ. ಎರಡೂ ಕಾಯಿಲೆಗೆ ಸ್ವಲ್ಪ ಸ್ವಲ್ಪ ಹಿಡಿಸುವ ಮದ್ದು ಇದೊಂದೇ ಅನ್ನಬೇಕು. ಬಿಲ್‌ಸ್ಟೈನಿನಂಥ ಗ್ಯಾಸ್ ತುಂಬಿದ ಶಾಕು ಅಂಗಡಿಯಿಂದ ಬರುವಾಗ ಪಟ್ಟಿ ಕಟ್ಟಿಸಿಕೊಂಡು ಕುಗ್ಗಿ ಕೂತಿರುತ್ತದೆ. ಉತ್ಸಾಹಿಗಳು ನೆಲದ ಮೇಲಿಟ್ಟೇ ಪಟ್ಟಿ ಕತ್ತರಿಸುತ್ತಾರೆ. ಅದು ಮೈಮುರಿದು ಉದ್ದವಾಗುತ್ತದೆ, ಆಮೇಲೆ ಮಲಗಿಕೊಂಡು ಎರಡು ಕೈಯಲ್ಲಿ ಒತ್ತಿದರೂ ಒಳಗೆ ಹೋಗುವುದಿಲ್ಲ. ಮೇಲಿನ ಬೋಲ್ಟು ಹಾಕಿ, ಕೆಳಗಿನ ತೂತಿಗೆ ಎದುರಾಗಿಸಿ, ಆಮೇಲೆ ಕತ್ತರಿಸಿ.

ಓಲಾಟಕ್ಕೆ ಎಫ್-53ರವರು ಮೊದಲು ಮಾಡುವ ಕೆಲಸಕ್ಕೆ ಕಾಸಿಲ್ಲ. ಹಲವು ಮಾದರಿಗಳಲ್ಲಿ ಆ್ಯಂಟಿ-ರೋಲ್ ಬಾರಿನ ತುದಿಯಲ್ಲಿ ಎರಡು ತೂತುಗಳಿರುತ್ತವೆ, ಕೊಂಡಿ ಕೂತಿರುವುದು ಹೊರಗಿನದರಲ್ಲಿ. ಅದನ್ನು ಬಿಚ್ಚಿ ಒಳಗಿನ ತೂತಿಗೆ ಹಾಕಿದರೆ ಬಾರ್ ಬಿಗಿಯಾಗುತ್ತದೆ, ಬಾಗಿಲನ್ನು ಹಿಡಿಕೆಯ ಬಳಿ ತಳ್ಳುವುದಕ್ಕೂ ತಿರುಗಣಿಯ ಬಳಿ ತಳ್ಳುವುದಕ್ಕೂ ಇರುವ ವ್ಯತ್ಯಾಸ ಅದು. ಈ ಕೆಲಸಕ್ಕೆ ಬೇಕಾದದ್ದು ಸಮತಟ್ಟು ನೆಲ, ಗಾಡಿಯ ಭಾರವೆಲ್ಲ ಚಕ್ರದ ಮೇಲೆ, ಚಕ್ರಕ್ಕೆ ಅಡ್ಡಗಟ್ಟೆ. ಗಾಡಿಗೇ ಜೋಡಿಸಿದ ಲೆವೆಲಿಂಗ್ ಜ್ಯಾಕನ್ನು ನಂಬಿ ಅಡಿಗೆ ತೂರಬೇಡಿ, ಅದು ಕಾಫಿ ಚೆಲ್ಲದಂತೆ ನೋಡಿಕೊಳ್ಳಲು ಇರುವುದು, ಮನುಷ್ಯನನ್ನು ಕಾಯಲು ಅಲ್ಲ. ಎಡಗಡೆ ಮುಗಿಸಿ, ಬಲಗಡೆ ಕಾಫಿ ಆದಮೇಲೆ ಎಂದು ಎದ್ದವರು ಹಾಗೇ ಮರೆತು ಹೊರಟಿದ್ದೂ ಉಂಟು. ಎರಡೂ ಕಡೆ ಒಂದೇ ಥರ ಆಗದಿದ್ದರೆ ಕೆಲಸ ಅರ್ಧವೇ.

ವಯೋಮಿಂಗಿನ ಐ-80ರ ಗಾಳಿಗೆ ಬಾಲ ಮಾತ್ರ ಅಲ್ಲಾಡುತ್ತಿದ್ದರೆ ಹಿಂದೆ ಟ್ರ್ಯಾಕ್ ಬಾರ್ ಬೇಕು. ಆಕ್ಸಲ್ಲನ್ನು ಚಾಸಿಗೆ ಅಡ್ಡಲಾಗಿ ಕಟ್ಟುವ ಸರಳು ಅದು. ಸ್ಪ್ರಿಂಗಿಗೆ ಜೊತೆಯಾಗಿ ಕೂರಿಸುವ ಗಾಳಿಚೀಲ, ಅಂದರೆ ಏರ್‌ಬ್ಯಾಗು, ಹಿಂಭಾಗ ಕುಸಿದಿದ್ದರೆ ಎತ್ತಿ ಹಿಡಿಯುತ್ತದೆ, ಗಾಡಿ ಹೊರಬಹುದಾದ ತೂಕವನ್ನೇನೂ ಹೆಚ್ಚಿಸುವುದಿಲ್ಲ. ಅದಕ್ಕೂ ಗಾಳಿ ಗಟ್ಟಿಯಾಗಿ ತುಂಬಿದರೆ ಮತ್ತೆ ಕಲ್ಲಿಗೇ ಬಂದಿರಿ. ಚಕ್ರಗಳ ಅಲೈನ್‌ಮೆಂಟ್ ಕೊನೆಗೆ, ಅದೂ ಲೋಡು ತುಂಬಿಸಿಕೊಂಡೇ.

ಇಷ್ಟಾದ ಮೇಲೂ ಉಳಿಯುವ ಕಿಣಿಕಿಣಿಗೆ ಸ್ಪ್ಯಾನರಿನಲ್ಲಿ ಮದ್ದಿಲ್ಲ. ಮೈಕ್ರೋವೇವಿನ ಗಾಜಿನ ತಟ್ಟೆ ತೆಗೆದು ಟವೆಲಿನಲ್ಲಿ ಸುತ್ತಿ, ಒಲೆಯ ಜಾಲರಿಯಡಿ ಬಟ್ಟೆ ತುರುಕಿ, ಸ್ಟೀಲ್ ಡಬ್ಬಗಳ ನಡುವೆ ರಬ್ಬರ್ ಮ್ಯಾಟು ಇಡಿ. ಕುಕ್ಕರಿನ ವೆಯ್ಟನ್ನು ಅಕ್ಕಿಯಲ್ಲಿ ಹೂತರೆ ಒಂದಿಷ್ಟೂ ಸದ್ದಿಲ್ಲ. ರಾತ್ರಿ ಕ್ಯಾಂಪಿನಲ್ಲಿ ಅನ್ನಕ್ಕಿಡುವಾಗ ಮನೆಮಂದಿಯೆಲ್ಲ ಟಾರ್ಚು ಹಿಡಿದು ಹುಡುಕುತ್ತಿರುವಾಗಲೂ ಅಷ್ಟೇ ನಿಶ್ಶಬ್ದವಾಗಿ ಅಲ್ಲೇ ಇರುತ್ತದೆ.